ಕತ್ತಲೆ ಕೋಣೆಯ ಮೇಷ್ಟರಿಕೆ

ನನ್ನ ಎದೆ ಗಟ್ಟಿಯಾದದ್ದು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಹೆಗ್ಗಡದೇವನಕೋಟೆಯಿಂದ ಅಂತರಸಂತೆಗೆ ಹೋಗುವ ದಾರಿಯಲ್ಲಿ ಒಂಟಿ ಸಲಗ ಅಡ್ಡ ನಿಂತಾಗ ಬಸ್ಸಿನಲ್ಲಿದ್ದವರೆಲ್ಲ ಮನೆದೇವರನ್ನು ಕೂಗುತ್ತಿದ್ದರೆ, ಬೆಳಕು ಸಾಲದು, ಇಲ್ಲದಿದ್ದರೆ ಒಂದು ಫೋಟೋ ತೆಗೆಯಬಹುದಿತ್ತು ಎಂದು ಲೆಕ್ಕ ಹಾಕುತ್ತ ಕುಳಿತವನು ನಾನು. ಅಂಥವನು ಇಬ್ಬರು ದೊಡ್ಡ ಮನುಷ್ಯರಿಗೆ ಫೋಟೋ ಪ್ರಿಂಟು ಹಾಕುವುದನ್ನು ಕಲಿಸಲು ಹೊರಟ ಒಂದೇ ಬೇಸಿಗೆಯಲ್ಲಿ ಎಷ್ಟು ಸಲ ಬೆಚ್ಚಿಬಿದ್ದೆನೆಂದರೆ, ಎದೆ ಎಂಬುದು ಇನ್ನೂ ಸ್ವಸ್ಥಾನದಲ್ಲಿದೆಯೇ ಎಂದು ಆಗಾಗ ಕೈಯಿಟ್ಟು ನೋಡಿಕೊಳ್ಳುವಂತಾಯಿತು. ಈಗಲೂ ಯಾರಾದರೂ ಅಂಗಡಿಗೆ ಬಂದು "ನಮಗೂ ಒಸಿ ಈ ವಿದ್ಯೆ ಹೇಳ್ಕೊಡಿ ಸ್ವಾಮಿ" ಎಂದರೆ ನಾನು ಕಿವುಡನಂತೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಬಿಡುತ್ತೇನೆ. ಅವರು ಹೋದರೆಂದು ನನ್ನ ಹೆಂಡತಿ ಬಂದು ಹೇಳುವವರೆಗೂ ತಲೆ ಹೊರಗೆ ತೆಗೆಯುವುದಿಲ್ಲ.

ಹೆಗ್ಗಡದೇವನಕೋಟೆಯ ಬಸ್ ನಿಲ್ಲುವ ಜಾಗದ ಹಿಂದಿನ ಬೀದಿಯಲ್ಲಿ ನನ್ನದೊಂದು ಸ್ಟುಡಿಯೋ. ಸ್ಟುಡಿಯೋ ಎಂದರೆ ದೊಡ್ಡದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಡಿ. ಮುಂದೆ ಒಂದು ಜಗಲಿ, ಒಳಗೆ ಗುಲಾಬಿ ಬಳ್ಳಿ ಬರೆದ ಒಂದು ಪರದೆ, ಗಿರಾಕಿಗಳು ತಲೆ ಬಾಚಿಕೊಳ್ಳಲು ಒಂದು ಕನ್ನಡಿ, ಹಿಂದೆ ಮೊದಲು ಸೌದೆ ತುಂಬುತ್ತಿದ್ದ ಒಂದು ಕೋಣೆ. ಈ ಸೌದೆ ಕೋಣೆಯೇ ನನ್ನ ಡಾರ್ಕ್ ರೂಮು. ಆಗಿನ್ನೂ ನಮ್ಮ ಬೀದಿಗೆ ಕರೆಂಟು ಬಂದಿರಲಿಲ್ಲ. ಒಳಗೆ ಕೆಂಪು ಗಾಜಿನ ಲಾಟೀನು ಹಚ್ಚಿಟ್ಟುಕೊಂಡು ಕೆಲಸ ಮಾಡುವುದು, ಬಿಳಿ ಬೆಳಕು ಬೇಕಾದಾಗ ಗೋಡೆಯ ಕಂಡಿಗೆ ಹಾಕಿದ ಪುಟ್ಟ ಮರದ ಬಾಗಿಲನ್ನು ತೆರೆದು ಮುಚ್ಚುವುದು. ಸೂರ್ಯನೇ ನಮ್ಮ ಬಲ್ಬು. ಮೋಡ ಬಂದ ದಿನ ಅಂಗಡಿಗೆ ರಜ.

ಅಂಗಡಿ ನನ್ನ ಸೋದರಮಾವನದು. ಅವರು ಕ್ಯಾಮೆರಾವನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಊರೂರು ಸುತ್ತಿದವರು. ಅವರು ತೆಗೆದ ಗಾಜಿನ ನೆಗೆಟಿವ್ ಪ್ಲೇಟುಗಳು ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಬಿದ್ದಿದ್ದವು. ಅವುಗಳ ಮೇಲೆ ಕಣ್ಣು ಬಿದ್ದದ್ದು ಮಸ್ತಾನ್ ಸಾಹೇಬರಿಗೆ. ಸಾಹೇಬರು ಎದುರು ಸಾಲಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವವರು. ಹಳೆಯ ಪ್ಲೇಟನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಪಟವೆಲ್ಲ ಕರಗಿ ಹೋಗಿ ಒಳ್ಳೆಯ ಗಾಜು ಸಿಗುತ್ತದೆ. ಅದನ್ನು ಕಟ್ಟಿಗೆ ಹಾಕುವುದು ಅವರ ಪದ್ಧತಿ. ಹಾಗೆ ಎಷ್ಟು ಊರಿನ ಯಜಮಾನರು ಸೋಡಾ ನೀರಿನಲ್ಲಿ ಕರಗಿ ಹೋಗಿ, ಅವರಿದ್ದ ಗಾಜಿನ ಹಿಂದೆ ಲಕ್ಷ್ಮಿ ಸರಸ್ವತಿಯರು ಬಂದು ಕುಳಿತರೋ ನಾನಂತೂ ಎಣಿಸಲಿಲ್ಲ.

ಒಂದು ದಿನ ಸಾಹೇಬರು ಜಗಲಿಯಲ್ಲಿ ಪ್ಲೇಟುಗಳನ್ನು ಒಂದೊಂದಾಗಿ ಆಕಾಶಕ್ಕೆ ಹಿಡಿದು ನೋಡುತ್ತ ಆರಿಸುತ್ತಿದ್ದಾಗ ರಾಗಿ ಮಂಡಿಯ ಶಿವಮಲ್ಲಪ್ಪನವರು ಆ ದಾರಿಯಲ್ಲಿ ಬಂದರು. ಮೂವತ್ತು ದಾಟಿದ ದಪ್ಪ ಮನುಷ್ಯ, ಹಣೆಯ ತುಂಬ ವಿಭೂತಿ, ಮಾತು ಕಮ್ಮಿ. ಸಾಹೇಬರ ಕೈಯಲ್ಲಿದ್ದ ಪ್ಲೇಟನ್ನು ನೋಡಿದವರು ಅಲ್ಲೇ ನಿಂತರು.

"ಇದು ನಮ್ಮೂರ ಕೆರೆ ಏರಿ ಕಣ್ರೀ" ಅಂದರು. "ಆ ತೂಬಿನ ಕಲ್ಲು ನೋಡಿ. ಕುದುರೆ ಮುಖ ಕೆತ್ತವ್ರೆ."

ಆಮೇಲೆ ಅವರು ಜಗಲಿಯ ಮೇಲೆ ಕುಳಿತು ಹೇಳಿದ್ದು ಇಷ್ಟು. ಅವರ ಊರು ಅಂತರಸಂತೆಯ ಪಕ್ಕದ ಒಂದು ಹಳ್ಳಿ. ಅವರು ಕೈಗೂಸಾಗಿದ್ದಾಗ ಊರಿನ ಕೆರೆಗೆ ಹೊಸ ತೂಬು ಕಟ್ಟಿದರು. ಕಟ್ಟಿದವರನ್ನೆಲ್ಲ ಏರಿಯ ಮೇಲೆ ನಿಲ್ಲಿಸಿ ಯಾರೋ ಪಟ ತೆಗೆದರು. ಅದರಲ್ಲಿ ಅವರ ತಂದೆಯೂ ಇದ್ದರು, ತೂಬಿನ ಕಲ್ಲಿನ ಪಕ್ಕದಲ್ಲೇ ನಿಂತಿದ್ದರು ಎಂದು ತಾಯಿ ಹೇಳುತ್ತಾರೆ. ಮರುವರ್ಷವೇ ಚಳಿಜ್ವರದಲ್ಲಿ ತಂದೆ ತೀರಿಹೋದರು. ಆ ಪಟ ಊರಿಗೆ ಬರಲೇ ಇಲ್ಲ. "ನಮ್ಮಪ್ಪನ ಮುಖ ಎಂಗಿತ್ತು ಅಂತ ನಂಗೊತ್ತಿಲ್ಲ ಸ್ವಾಮಿ" ಎಂದರು ಶಿವಮಲ್ಲಪ್ಪ. ಸಾಹೇಬರು ತಮ್ಮ ಕೈಯಲ್ಲಿದ್ದ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಇನ್ನೊಂದು ಗಳಿಗೆ ಕಳೆದಿದ್ದರೆ ಅದು ಸೋಡಾ ನೀರಿಗೆ ಹೋಗುತ್ತಿತ್ತು.

ನಾನೇ ಪ್ರಿಂಟು ಹಾಕಿಕೊಡುತ್ತೇನೆ ಅಂದೆ. ಅಷ್ಟಕ್ಕೆ ಮುಗಿಯಬೇಕಿತ್ತು. ಶಿವಮಲ್ಲಪ್ಪ ತಲೆಯಾಡಿಸಿದರು. "ಬ್ಯಾರೇರ ಕೈಲಿ ಬ್ಯಾಡಿ. ನಮ್ಮಪ್ಪಂಗೆ ಒಂದು ಹಿಡಿ ಮಣ್ಣು ಹಾಕೋ ವಯಸ್ಸೂ ನಂಗಿರ್ನಿಲ್ಲ. ಇದಾದ್ರೂ ನಾನೇ ಮಾಡ್ತೀನಿ. ಹೇಳ್ಕೊಡಿ" ಎಂದರು. ಈ ಮಾತಿಗೆ ಯಾರು ತಾನೇ ಇಲ್ಲವೆಂದಾರು? ಅವರ ಜೊತೆಗೆ, ಕಟ್ಟಿನ ಕೆಲಸಕ್ಕೆ ಇದೂ ಸೇರಲಿ ಎಂದು ಮಸ್ತಾನ್ ಸಾಹೇಬರೂ ಸೇರಿಕೊಂಡರು. ಇಬ್ಬರೂ ಮಾರನೆಯ ದಿನದಿಂದ ನನ್ನನ್ನು "ಮೇಷ್ಟ್ರೇ" ಎಂದು ಕರೆಯತೊಡಗಿದರು. ಸುಳ್ಳು ಯಾಕೆ ಹೇಳಲಿ, ಕೇಳುವುದಕ್ಕೆ ಹಿತವಾಗಿಯೇ ಇತ್ತು. ಅಂಗಿಯ ಮೇಲೊಂದು ಕೋಟು ಹಾಕಿಕೊಂಡು ಪಾಠ ಶುರು ಮಾಡಿದೆ. "ಸೌದೆ ಕೋಣೆಗೆ ಕೋಟ್ಯಾಕೆ?" ಅಂದಳು ಹೆಂಡತಿ. ಅವಳಿಗೆ ಮೇಷ್ಟರಿಕೆಯ ಗತ್ತು ಗೊತ್ತಿಲ್ಲ ಎಂದುಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಎರಡನೆಯ ದಿನ. ಮೈಸೂರಿನಿಂದ ಬಸ್ಸಿನಲ್ಲಿ ತರಿಸಿದ ಪ್ರಿಂಟಿಂಗ್ ಪೇಪರಿನ ಹೊಸ ಪೆಟ್ಟಿಗೆಯನ್ನು ಶಿವಮಲ್ಲಪ್ಪನವರ ಕೈಗೆ ಕೊಟ್ಟು ಒಳಗಿಡಿ ಎಂದು ಹೇಳಿ ನಾನು ನೀರು ತರಲು ಹೋದೆ. ಬಂದು ನೋಡಿದರೆ ನಡುಬಿಸಿಲಿನ ಜಗಲಿಯ ಮೇಲೆ ಪೆಟ್ಟಿಗೆ ತೆರೆದಿದೆ, ಕಪ್ಪು ಕಾಗದ ಬಿಚ್ಚಿದೆ, ಶಿವಮಲ್ಲಪ್ಪ ಮೇಲಿನದೊಂದು, ನಡುವಿನದೊಂದು, ತಳದ್ದೊಂದು ಹಾಳೆ ಎಳೆದು ಬೆರಳಲ್ಲಿ ತಿಕ್ಕಿ ಮೂಸಿ ನೋಡುತ್ತಿದ್ದಾರೆ. ನನ್ನ ಕೈಯಿಂದ ಬಿಂದಿಗೆ ಜಾರಿ ಬಿತ್ತು. "ಮಾಲು ನೋಡ್ದೆ ಒಳಕ್ಕೆ ಹಾಕ್ಕೊಳೋದುಂಟಾ ಮೇಷ್ಟ್ರೇ? ಮೇಲ್ಗಡೆ ಚೆನ್ನಾಗಿರೋದು ಇಟ್ಟು ತಳಕ್ಕೆ ಜಳ್ಳು ತುಂಬಿರ್ತಾರೆ. ಇದು ಪರವಾಗಿಲ್ಲ, ಎಲ್ಲಾ ಒಂದೇ ಸಮ ಅದೆ" ಎಂದರು. ಒಂದೇ ಸಮ ಇರುವುದರಲ್ಲಿ ಅನುಮಾನವೇ ಇರಲಿಲ್ಲ. ಬಿಸಿಲು ತಾಕಿದ ಮೇಲೆ ಇಡೀ ಪೆಟ್ಟಿಗೆ ಒಂದೇ ಸಮನಾಗಿ ಕೆಟ್ಟಿತ್ತು. ಹೊಸ ಪೆಟ್ಟಿಗೆಯನ್ನು ಅವರೇ ತರಿಸಿಕೊಟ್ಟರೆನ್ನಿ. ಅದನ್ನು ನಾನು ಹೆಂಡತಿಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ.

ಎರಡನೆಯದು ಎಣಿಕೆಯ ವಿಚಾರ. ನೆಗೆಟಿವಿನ ಕೆಳಗೆ ಪೇಪರಿಟ್ಟು, ಕಂಡಿಯ ಬಾಗಿಲು ತೆರೆದು, ಎಂಟು ಎಣಿಸಿ ಮುಚ್ಚಬೇಕು. ಇದಕ್ಕಿಂತ ಸುಲಭವಾಗಿ ಯಾರೂ ಹೇಳಿಕೊಡಲಾರರು. ಸರಗೂರಿನ ಒಂದು ಮದುವೆ ಜೋಡಿಯ ನೆಗೆಟಿವನ್ನು ಕೊಟ್ಟು, ಎಣಿಸಿ ಅಂದೆ. ಶಿವಮಲ್ಲಪ್ಪ ಬಾಗಿಲು ತೆರೆದು ಕಣ್ಣು ಮುಚ್ಚಿ ರಾಗವೆತ್ತಿದರು. "ಲಾಭವೋ ಲಾಭಾ... ಲಾಭವೇ ಲಾಭಾ... ಎರಡೋ ಎರಡೂ... ಎರಡೇ ಎರಡೂ..." ಅವರು ಎಣಿಸುತ್ತಿರಲಿಲ್ಲ, ರಾಗಿ ಅಳೆಯುತ್ತಿದ್ದರು. ಕೊಳಗ ತುಂಬಿ ತಲೆ ಸವರಿ ಸುರಿಯುವವರೆಗೆ ಅದೇ ಲೆಕ್ಕವನ್ನು ಹಾಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅವರು ಮೂರಕ್ಕೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಇಪ್ಪತ್ತು ದಾಟಿದ್ದೆ. ಪಟ ಮೂಡಿಸುವ ಡೆವಲಪರ್ ನೀರಿಗೆ ಹಾಕಿದ ಕ್ಷಣವೇ ಗಂಡು ಹೆಣ್ಣು ಇಬ್ಬರೂ ಕಗ್ಗತ್ತಲಲ್ಲಿ ಮುಳುಗಿದರು. ಗಂಡಿನ ಜರಿಪೇಟದ ಅಂಚು ಮಾತ್ರ ಕಂಡಿತು. "ಒಂದು ಅಂತ ಶುರು ಮಾಡಿ, ಬೇಗ ಬೇಗ ಹೇಳಿ" ಎಂದರೆ, "ಮೊದಲ್ನೇ ಕೊಳಗವ ಒಂದು ಅನ್ನೋಕೆ ಬಾಯಿ ಬರಾಕಿಲ್ಲ ಮೇಷ್ಟ್ರೇ, ಅದು ಲಾಭನೇ. ಬೇಗ ಹೇಳಿದ್ರೆ ಅಳತೆ ಸುಳ್ಳಾಯ್ತದೆ" ಎಂದರು. ಮಸ್ತಾನ್ ಸಾಹೇಬರು ಆ ಕಪ್ಪು ಹಾಳೆಯನ್ನು ಹೊರಗೆ ತಂದು ತಿರುಗಿಸಿ ನೋಡಿ, "ಇದಕ್ಕೆ ಗಾಜು ಹಾಕಿ ಕಟ್ಟು ಹಾಕಿದ್ರೆ ಒಳ್ಳೆ ಕನ್ನಡಿ ಆಗ್ತದೆ" ಎಂದು ಗಂಭೀರವಾಗಿ ಹೇಳಿ ಪಕ್ಕಕ್ಕಿಟ್ಟುಕೊಂಡರು. ಸಾಹೇಬರಿಗೆ ಕಾಗದ ಬಿಸಾಡಿ ಗೊತ್ತಿಲ್ಲ. ಕೆಟ್ಟ ಪ್ರಿಂಟುಗಳನ್ನೆಲ್ಲ ಕಟ್ಟಿನ ಹಿಂದೆ ಒತ್ತು ಕೊಡಲು ಒಯ್ಯುತ್ತಿದ್ದರು.

ಹೀಗೆ ತಿಂಗಳು ಕಳೆಯಿತು. ಕೆರೆ ಏರಿಯ ಪ್ಲೇಟಿಗೆ ಕೈ ಹಾಕುವ ದಿನ ಬಂತು. ಅದರಲ್ಲಿ ಇಪ್ಪತ್ತೊಂದು ಜನ, ಒಬ್ಬೊಬ್ಬರ ಮುಖವೂ ಅವರೆಕಾಳಿನಷ್ಟು. ತಾಯಿ ನಂಜವ್ವನವರ ಕಣ್ಣಿಗೆ ಕಾಣಬೇಕಾದರೆ ದೊಡ್ಡದು ಮಾಡಲೇಬೇಕು. ಅದಕ್ಕೆ ನಮ್ಮ ಮಾವನವರ ಕಾಲದ ಒಂದು ಉಪಾಯವಿತ್ತು. ಕಂಡಿಗೆ ಪ್ಲೇಟು ಸಿಕ್ಕಿಸಿ, ಕ್ಯಾಮೆರಾವನ್ನು ಅದಕ್ಕೆ ಮುಖ ಮಾಡಿ ನಿಲ್ಲಿಸಿ, ಸುತ್ತ ಕಂಬಳಿ ಕಟ್ಟಿದರೆ ಪಟ ದೊಡ್ಡದಾಗಿ ಎದುರು ಹಲಗೆಯ ಮೇಲೆ ಬೀಳುತ್ತದೆ. ಬೆಳಕು ಮಂದ, ಬಹಳ ಹೊತ್ತು ಕಾಯಬೇಕು. ನನ್ನ ಎಣಿಕೆ ನಡುವೆ ತಪ್ಪಿತು. ಶಿವಮಲ್ಲಪ್ಪನವರ ರಾಗಿಯ ರಾಗ ತಪ್ಪಲಿಲ್ಲ. ಹನ್ನೆರಡು ಕೊಳಗಕ್ಕೆ ಪಟ ಸರಿಯಾಗಿ ಇಳಿಯಿತು. ನಾನು ಶಿಷ್ಯನ ಮುಂದೆ ಸೋತೆನಲ್ಲ ಎಂದು ಒಂದು ಚಣ ಮುಜುಗರವಾಯಿತು.

ಪೇಪರನ್ನು ಶಿವಮಲ್ಲಪ್ಪನವರೇ ಟ್ರೇಗೆ ಹಾಕಿ ಅಲ್ಲಾಡಿಸತೊಡಗಿದರು. ಕೆಂಪು ಬೆಳಕಿನಲ್ಲಿ ಬರೀ ಬಿಳಿ ಹಾಳೆ. ಆಮೇಲೆ ಮೆಲ್ಲಗೆ ಏರಿ ಬಂತು, ತೂಬಿನ ಕಲ್ಲು ಬಂತು, ಸಾಲಾಗಿ ಪೇಟಗಳು ಬಂದವು. ನನಗೆ ಈ ಚಂದ ಎಷ್ಟು ಸಲ ನೋಡಿದರೂ ಸಾಲದು. ನಾನು ಹಲಗೆ ಕಡೆ ತಿರುಗಿದ್ದೆ. ಸೊರ್ ಎಂದು ಸದ್ದಾಯಿತು. ತಿರುಗಿ ನೋಡುತ್ತೇನೆ, ಶಿವಮಲ್ಲಪ್ಪ ಟ್ರೇಯ ಡೆವಲಪರನ್ನು ಬಲ ಅಂಗೈಯಲ್ಲಿ ತೆಗೆದುಕೊಂಡು ಮೂರನೆಯ ಸಲ ಬಾಯಿಗೆ ಒಯ್ಯುತ್ತಿದ್ದಾರೆ. ಎರಡು ಸಲ ಆಗಲೇ ಒಳಗೆ ಹೋಗಿದೆ. ಹೆತ್ತಪ್ಪ ನೀರಿನೊಳಗಿಂದ ಎದ್ದು ಬರುತ್ತಿದ್ದಾನೆ, ಆ ನೀರು ತೀರ್ಥವಲ್ಲದೆ ಮತ್ತೇನು ಎಂಬುದು ಅವರ ಲೆಕ್ಕ. ಅದು ವಿಷದ ಪುಡಿ ಕಲಸಿದ ನೀರು ಮಾರಾಯರೇ ಎಂದು ಕೂಗಿ, ಕೈಗೆ ಹೊಡೆದು, ರಟ್ಟೆ ಹಿಡಿದು, ಬಾಗಿಲು ಒದ್ದು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಹೆಂಡತಿ ಉಪ್ಪುನೀರು ಕುಡಿಸಿದಳು, ಮಜ್ಜಿಗೆ ಕುಡಿಸಿದಳು. ಶಿವಮಲ್ಲಪ್ಪ ಮೋರಿಯ ಬಳಿ ಎಲ್ಲವನ್ನೂ ಕಾರಿ, ಮುಖ ಒರೆಸಿಕೊಂಡು, "ಒಸಿ ಒಗರು" ಎಂದರು. ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದೆ. ಹೆಂಡತಿ ಮಿಕ್ಕ ಮಜ್ಜಿಗೆಯನ್ನು ನನಗೆ ಕುಡಿಸಿದಳು.

ಬಾಗಿಲು ತೆರೆದ ಮೇಲೆ ಪ್ರಿಂಟು ಹಾಳಾಯಿತೆಂದೇ ತಿಳಿದಿದ್ದೆ. "ನೀವು ಓಡಿದ್ರಲ್ಲ, ನಾನು ಅದನ್ನ ಎತ್ತಿ ಹೈಪೋ ನೀರಿಗೆ ಹಾಕ್ಬುಟ್ಟೆ" ಎಂದರು ಒಳಗೇ ಉಳಿದಿದ್ದ ಮಸ್ತಾನ್ ಸಾಹೇಬರು. ಪುಣ್ಯಾತ್ಮರು. ಹೈಪೋ ಬಿದ್ದ ಮೇಲೆ ಪಟ ಇನ್ನು ಕಪ್ಪಾಗುವುದಿಲ್ಲ. ಬೆಳಕು ತಾಗಿ ಇಡೀ ಪಟದ ಮೇಲೆ ಬೂದು ಮಂಜು ಮುಸುಕಿದ್ದರೂ ಜನ ಕಾಣುತ್ತಿದ್ದರು. ಮೂವರೂ ಬಾಗಿದೆವು. ಇಪ್ಪತ್ತು ಜನ ಗರ ಬಡಿದವರಂತೆ ನೆಟ್ಟಗೆ ನಿಂತಿದ್ದಾರೆ. ತೂಬಿನ ಕಲ್ಲಿನ ಪಕ್ಕ ನಿಂತವರಿಗೆ ಮಾತ್ರ ಮುಖವಿಲ್ಲ. ಭುಜದ ಮೇಲೆ ಪೇಟ, ಪೇಟದ ಕೆಳಗೆ ಬೆರಳಲ್ಲಿ ಒರೆಸಿದಂಥ ಒಂದು ಕಲೆ. ಪ್ಲೇಟು ತೆಗೆಯುವಾಗ ತಲೆ ಆಡಿಸಿಬಿಟ್ಟಿದ್ದಾರೆ.

ಶಿವಮಲ್ಲಪ್ಪ ಬಹಳ ಹೊತ್ತು ನೋಡಿದರು. "ಮುಖ ಎಲ್ಲಿ ಮೇಷ್ಟ್ರೇ?" ಎಂದರು.

ತಿಂಗಳಿಡೀ ಮಂಡಿ ಬಿಟ್ಟು ಬಂದು, ವಿಷ ಕುಡಿದು, ಕೊನೆಗೆ ಅವರಿಗೆ ಸಿಕ್ಕಿದ್ದು ಒಂದು ಕಲೆ. "ಪ್ಲೇಟಿನ ಮೇಲೆ ಕೊಳೆ ಕೂತಿದೆ, ಅಷ್ಟೆ. ಭಾನುವಾರ ಅಮ್ಮನವರನ್ನು ಕರೆದುಕೊಂಡು ಬನ್ನಿ, ಸರಿಮಾಡಿರುತ್ತೇನೆ" ಎಂದುಬಿಟ್ಟೆ. ಮೇಷ್ಟ್ರು ಗೊತ್ತಿಲ್ಲ ಎನ್ನುವುದುಂಟೇ? ಸಿಡುಬಿನ ಕಲೆ ಅಳಿಸಿ, ಹುಬ್ಬು ತಿದ್ದಿ ಎಷ್ಟು ಮದುವೆ ಮಾಡಿಸಿದ ಕೈ ಇದು. ಎರಡು ದಿನ ಗಡಿಯಾರ ರಿಪೇರಿಯವರ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕುಳಿತೆ. ಸಣ್ಣ ಚಾಕುವಿನಿಂದ ಪ್ಲೇಟಿನ ಮೇಲಿನ ಆ ಕಲೆಯನ್ನು ಕೆರೆದೆ. ಕೆರೆದ ಜಾಗದಲ್ಲಿ ಚೂಪು ಸೀಸದಕಡ್ಡಿಯಿಂದ ಕೆನ್ನೆ, ಮೂಗು ತುಂಬಿ, ಕಣ್ಣು ಮೀಸೆಗೆ ಜಾಗ ಬಿಟ್ಟು ಮುಖ ಬರೆದೆ. ಮೂಗಿನ ಯಾವ ಪಕ್ಕಕ್ಕೆ ನೆರಳು ಬೀಳಬೇಕೆಂದು ಅನುಮಾನ ಬಂದಾಗ ಗಿರಾಕಿಗಳ ಕನ್ನಡಿಯಲ್ಲಿ ನೋಡಿಕೊಂಡು ಬರೆದೆ. ಭಾನುವಾರ ಬೆಳಿಗ್ಗೆ ಹೊಸ ಪ್ರಿಂಟು ಹಾಕಿದೆ. ಇಪ್ಪತ್ತೊಂದು ಜನರೂ ನೆಟ್ಟಗೆ ಮುಂದೆ ನೋಡುತ್ತಿದ್ದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಂತಿತ್ತು.

ನಂಜವ್ವ ಮಗನ ಜೊತೆ ಗಾಡಿಯಲ್ಲಿ ಬಂದರು. ಸಣ್ಣಗೆ ಒಣಗಿದ ಜೀವ, ಚುರುಕು ನಡೆ. ಮಸ್ತಾನ್ ಸಾಹೇಬರು ಆಗಲೇ ಕಟ್ಟು ಮಾಡಿಟ್ಟುಕೊಂಡು ಕಾದಿದ್ದರು. ಪ್ರಿಂಟು ಕಂಡ ಶಿವಮಲ್ಲಪ್ಪ ಕೈ ಮುಗಿದು "ಅಪ್ಪಾ" ಎಂದರು, ಅವರ ಕಣ್ಣಲ್ಲಿ ನೀರು. ನಂಜವ್ವ ಅದನ್ನು ಜಗಲಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಒಬ್ಬೊಬ್ಬರನ್ನೇ ಹೆಸರು ಹೇಳುತ್ತ ಬಂದರು. ಇವ್ನು ಶ್ಯಾನುಭೋಗ, ಇವ್ನು ತೋಟಿ, ಇವ್ನು ನಮ್ಮ ಭಾವ. ತೂಬಿನ ಕಲ್ಲಿನ ಹತ್ತಿರ ಬೆರಳು ನಿಂತಿತು. ಪಟ ನೋಡಿದರು, ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಪಟ ನೋಡಿದರು.

"ಪಟದ ಸ್ವಾಮ್ಯೋರು ನಮ್ಮೋರ ಜೊತ್ಗೆ ಯಾಕ್ ನಿಂತವ್ರೆ?" ಎಂದು ಮಗನನ್ನು ಕೇಳಿದರು.

ಸಿಡಿಲು ಹೊಡೆದರೆ ಹೀಗೇ ಇರುತ್ತದೇನೋ. ಹೆಂಡತಿ ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದಳು. ಆಮೇಲೆ ನನಗೂ ಕಂಡಿತು. ಅದೇ ಗಿಣಿಮೂಗು, ಅದೇ ಎಡಗಡೆ ಮೇಲೆದ್ದ ಹುಬ್ಬು. ಕನ್ನಡಿಯಲ್ಲಿ ನೆರಳು ನೋಡಲು ಹೋದವನು ನನ್ನ ಮುಖವನ್ನೇ ಇಳಿಸಿಬಿಟ್ಟಿದ್ದೆ. ಶಿವಮಲ್ಲಪ್ಪನವರ ಮುಗಿದ ಕೈ ಹಾಗೇ ಇತ್ತು. ಅವರು ನಿಧಾನವಾಗಿ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನಾನು ಯಾರಿಗೆ ಕೈ ಮುಗ್ದೆ?" ಎಂದರು.

ಒಪ್ಪಿಕೊಂಡೆ. ಕೆರೆದದ್ದು, ಬರೆದದ್ದು ಎಲ್ಲ ಹೇಳಿದೆ. ಸೀಸದಕಡ್ಡಿಯನ್ನು ಅಳಿಸಬಹುದು, ಕೆರೆದದ್ದು ಮತ್ತೆ ಬರುವುದಿಲ್ಲ ಎಂದೂ ಹೇಳಿದೆ. ಮೂವತ್ತು ವರ್ಷ ಅಟ್ಟದ ಮೇಲೆ ಬದುಕಿದ್ದ ಮನುಷ್ಯನನ್ನು ನಾನು ಎರಡು ದಿನದಲ್ಲಿ ಕೆರೆದು ಹಾಕಿದ್ದೆ. ಮಸ್ತಾನ್ ಸಾಹೇಬರು ಎದ್ದು ತಮ್ಮ ಅಂಗಡಿಗೆ ಹೋದರು. ಬೇಸರದಿಂದ ಹೋದರೆಂದುಕೊಂಡೆ. ಹಿಂತಿರುಗಿ ಬಂದಾಗ ಅವರ ಕೈಯಲ್ಲಿ ಆ ಬೂದು ಮಂಜಿನ ಪ್ರಿಂಟು ಇತ್ತು. ಕಟ್ಟಿನ ಹಿಂದಕ್ಕೆ ಹಾಕಲೆಂದು ಒಯ್ದವರು, ಮನಸ್ಸು ಬಾರದೆ ಗಾಜುಗಳ ನಡುವೆ ಇಟ್ಟಿದ್ದರಂತೆ.

ನಂಜವ್ವ ಅದನ್ನು ಕೈಗೆ ತೆಗೆದುಕೊಂಡರು. ಕಲೆಯ ಮೇಲೆ ಬೆರಳಿಟ್ಟು, "ಇವ್ನೇ" ಎಂದರು.

"ಮುಖನೇ ಇಲ್ವಲ್ಲವ್ವ" ಎಂದರು ಶಿವಮಲ್ಲಪ್ಪ.

"ಎಂಗಿದ್ದಾದು? ಅಲ್ಲಾಡ್ಬ್ಯಾಡಿ ಅಲ್ಲಾಡ್ಬ್ಯಾಡಿ ಅಂತ ಪಟದೋನು ಬಡ್ಕೊತಿದ್ದ. ನಾನು ನಿನ್ನ ಕಂಕುಳಲ್ಲಿ ಇಟ್ಕೊಂಡು ಈ ಕಡೆ ಹುಣಸೆ ಮರದ ತಾವ ನಿಂತಿದ್ದೆ. ನೀನು ಕಿಟಾರ್ ಅಂತ ಅತ್ತೆ. ಎಲ್ರೂ ಕಲ್ಲಂಗೆ ನಿಂತಿದ್ರು, ಇವ್ನೊಬ್ಬ ತಿರುಗ್ದ" ಎಂದರು ನಂಜವ್ವ. "ನಿನ್ನೇ ನೋಡ್ತಾವ್ನೆ ಕಣ್ಲಾ ಮಗ."

ಶಿವಮಲ್ಲಪ್ಪ ಆ ಕಲೆಯನ್ನು ನೋಡುತ್ತ ಕುಳಿತರು. ಅತ್ತರೋ ನಕ್ಕರೋ ಹೇಳುವುದು ಕಷ್ಟ. ಸಾಹೇಬರು ಸದ್ದು ಮಾಡದೆ ಆ ಬೂದು ಪ್ರಿಂಟಿಗೇ ಕಟ್ಟು ಹಾಕಿ, ಗಾಜನ್ನು ಪಂಚೆಯ ಚುಂಗಿನಿಂದ ಒರೆಸಿ ಕೊಟ್ಟರು. ಗಾಡಿ ಹತ್ತುವಾಗ ಶಿವಮಲ್ಲಪ್ಪ ನನ್ನ ಕಾಲು ಮುಟ್ಟಲು ಬಗ್ಗಿದರು. ಪಟ ಇಳಿಸುವುದನ್ನು ಕಲಿಸಿದ್ದಕ್ಕೆ, ಎಂದರು. ನಾಚಿಕೆಯಿಂದ ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಒಬ್ಬ ತಂದೆ ಜನ್ಮದಲ್ಲಿ ಒಂದೇ ಒಂದು ಸಲ ಕ್ಯಾಮೆರಾದ ಮುಂದೆ ನಿಂತು, ಅದನ್ನೂ ಲೆಕ್ಕಿಸದೆ ಮಗನ ಕಡೆ ತಿರುಗಿದ್ದ. ನಾನು ಅವನ ಕತ್ತು ಹಿಡಿದು ನೆಟ್ಟಗೆ ಮುಂದಕ್ಕೆ ತಿರುಗಿಸಿದ್ದೆ, ಅದೂ ನನ್ನ ಮೂಗಿಟ್ಟು.

ನಾನು ತಿದ್ದಿದ ಪ್ರಿಂಟು ಸ್ಟುಡಿಯೋದಲ್ಲೇ ಉಳಿಯಿತು. ಹರಿಯಬೇಕೆಂದು ಹೊರಟರೆ, ಇಪ್ಪತ್ತು ಜನ ಯಾವ ತಪ್ಪು ಮಾಡಿದ್ದಾರೆ ಎಂದು ಹೆಂಡತಿ ಬಿಡಲಿಲ್ಲ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಅಂತರಸಂತೆ ಕಡೆಯ ಗಿರಾಕಿಗಳು ಬಂದಾಗ ಅದರ ಮುಂದೆ ನಿಂತು ತಮ್ಮ ಅಜ್ಜಂದಿರನ್ನು ಗುರುತು ಹಿಡಿಯುತ್ತಾರೆ. ಕಲ್ಲಿನ ಹತ್ತಿರ ಬಂದು, "ಇವರ್ಯಾರು ಸ್ವಾಮಿ? ನಮ್ಮೂರೋರಲ್ಲ" ಎಂದು ನನ್ನನ್ನೇ ಕೇಳುತ್ತಾರೆ. ನಾನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿಕೊಂಡು, ಅಲ್ಲಾಡಬೇಡಿ ಎಂದು ಹೇಳಲು ಬಾಯಿ ತೆರೆದವನು, ಹಾಗೇ ಮುಚ್ಚುತ್ತೇನೆ.